ಎರಡು ಬಾಲದ ಹೆಪ್ಪು

ಬಸಕ್ಕ ನಾಟಿ ಔಷಧ ಕೊಡುತ್ತಾಳೆ ಎಂದು ನಾನು ಹನ್ನೆರಡು ದಿನ ನಂಬಿದ್ದೆ. ಆ ಹನ್ನೆರಡು ದಿನವೂ ಬೆಳಗ್ಗೆ ಬರಿಹೊಟ್ಟೆಯಲ್ಲಿ ಔಷಧವನ್ನು ಕುಡಿದೂ ಇದ್ದೆ.

ತಪ್ಪು ಪೂರ್ತಿ ನನ್ನದಲ್ಲವೆಂದು ಈಗಲೂ ವಾದಿಸಬಲ್ಲೆ. ಶಿಕಾರಿಪುರದಲ್ಲಿ ನಮ್ಮ ಮನೆಗೂ ಬಸಕ್ಕನ ಮನೆಗೂ ನಡುವೆ ಇರುವುದು ಒಂದು ಮೊಣಕಾಲೆತ್ತರದ ಗೋಡೆ. ಒಂದು ಸಂಜೆ ಆ ಗೋಡೆಯ ಈಚೆ ನಿಂತು ನನ್ನ ಹೊಟ್ಟೆಯುರಿಯ ಚರಿತ್ರೆಯನ್ನು, ಯಾವ ಡಾಕ್ಟರು ಏನು ಹೇಳಿದರು ಎಂಬ ವಿವರದ ಸಮೇತ, ಆಕೆಗೆ ಒಪ್ಪಿಸಿದ್ದೆ. ಮಾರನೆಯ ದಿನ ಆಕೆ ಒಂದು ಹಳೆಯ ಉಪ್ಪಿನಕಾಯಿ ಬಾಟಲಿ ತಂದು ಕೈಗಿತ್ತಳು. ಒಳಗೆ ತಿಳಿ ಚಹಾದ ಬಣ್ಣದ ನೀರು. ತಳದಲ್ಲಿ ನಾಲ್ಕಾರು ಹುಲ್ಲಿನ ತುಂಡು, ಒಂದು ಅನ್ನದ ಅಗುಳು. ನೆರಳಿನಲ್ಲಿ ಇಡಬೇಕು, ಮುಚ್ಚಳ ಬಿಗಿ ಮಾಡಬಾರದು, ಅಮಾವಾಸ್ಯೆಗೊಂದು ಅಗುಳು ಹಾಕಬೇಕು, ಯಾವ ಕಾರಣಕ್ಕೂ ಪೂರ್ತಿ ಖಾಲಿ ಮಾಡಬಾರದು ಎಂದಳು. ಇಷ್ಟು ಪಥ್ಯ ಔಷಧಕ್ಕಲ್ಲದೆ ಇನ್ನಾವುದಕ್ಕೆ ಇರುತ್ತದೆ? ದಿನಕ್ಕೆರಡು ಚಮಚ ಕುಡಿದೆ. ಹೊಟ್ಟೆಯುರಿ ಕಡಿಮೆಯೂ ಆಯಿತು. ಪರಿಚಯದ ಇಬ್ಬರಿಗೆ ಶಿಫಾರಸು ಮಾಡಿದೆ.

ಹದಿಮೂರನೆಯ ದಿನ ಖಾಲಿ ಬಾಟಲಿ ಹಿಡಿದು ಗೋಡೆಯ ಹತ್ತಿರ ನಿಂತು, ಇನ್ನೊಂದು ಕೋರ್ಸು ಬೇಕಾಗಬಹುದು ಎಂದೆ. ಬಸಕ್ಕ ಬಾಟಲಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಕುಡಿದ್ರಾ?"

ಹೌದೆಂದೆ.

"ಒಂದೀಟಾದ್ರೂ ಉಳಿಸೀರೇನ್ರಿ?"

ನನಗೇನಾದೀತು ಎಂಬುದಕ್ಕಿಂತ ಬಾಟಲಿಗೇನಾಯಿತು ಎಂಬ ಚಿಂತೆ ಆಕೆಗೆ ಮೊದಲು ಬಂದದ್ದು ನನಗೆ ಸ್ವಲ್ಪ ನೋವುಂಟುಮಾಡಿತು. ನಿಮಗೇನೂ ಆಗಲ್ಲ, ಅದು ಗುಡವಿ ಕೆರೆಯ ನೀರು, ಅದರೊಳಗೆ ಅಮೀಬಾದ ಜಾತಿಯ ಒಂದು ಜೀವ ಇತ್ತು ಅಷ್ಟೇ ಎಂದು ಆಮೇಲೆ ಸಮಾಧಾನ ಹೇಳಿದಳು. ನನ್ನ ಹೊಟ್ಟೆಯುರಿ ಆ ಕ್ಷಣದಿಂದ ಮತ್ತೆ ಶುರುವಾಯಿತು. ಖಾಲಿ ಬಾಟಲಿ ಹಿಡಿದು ಒಳಗೆ ಬಂದೆ.

ಬಸಕ್ಕ ನಮ್ಮೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಲ್ಯಾಬಿನ ಅಟೆಂಡರ್. ಮೂವತ್ತೊಂದು ವರ್ಷದ ಸರ್ವೀಸು. ಆಕೆ ಸೇರಿದ ಕಾಲದಲ್ಲಿ ಪ್ರಾಕ್ಟಿಕಲ್ಲಿಗೆ ಬೇಕಾದ ಸೂಕ್ಷ್ಮಜೀವಿಗಳನ್ನು ಹೊರಗಿನಿಂದ ತರಿಸುತ್ತಿದ್ದರಂತೆ. ಅವು ಪಾರ್ಸೆಲ್ಲಿನಲ್ಲಿ ಸತ್ತು ಬರುತ್ತಿದ್ದವು. ಮೇಷ್ಟರು ಬೋರ್ಡಿನ ಮೇಲೆ ಚಿತ್ರ ಬರೆದು, ಬದುಕಿದ್ದರೆ ಹೀಗಿರುತ್ತಿತ್ತು ಎಂದು ತೋರಿಸುತ್ತಿದ್ದರು. ಬಸಕ್ಕನಿಗೆ ಇದು ಸರಿಬರಲಿಲ್ಲ. ಭತ್ತದ ಹುಲ್ಲನ್ನು ಕುದಿಸಿ ಆರಿಸಿ, ಒಂದು ಅಗುಳು ಅನ್ನ ಹಾಕಿ, ಅದಕ್ಕೊಂದು ಲೋಟ ಕೆರೆಯ ನೀರು ಬೆರೆಸಿ ಇಟ್ಟಳು. ವಾರದೊಳಗೆ ಬ್ಯಾಕ್ಟೀರಿಯಾ ಹುಟ್ಟಿದವು. ಇನ್ನೊಂದು ವಾರಕ್ಕೆ ಅವನ್ನು ತಿನ್ನುವವು ಹೆಚ್ಚಿದವು.

ಅಲ್ಲಿಂದ ಮುಂದೆ ಅದು ಮೊಸರಿನ ಕೆಲಸ. ಹಳೆಯ ಬಾಟಲಿ ಹುಳಿಯುವ ಮೊದಲು ಅದರಿಂದ ಒಂದು ಚಮಚ ಹೊಸ ಹುಲ್ಲುನೀರಿಗೆ ಹಾಕಿದರೆ ಆಯಿತು. ಬಸಕ್ಕ ಅದನ್ನು ಹೆಪ್ಪು ಎಂದೇ ಕರೆದಳು, ತನ್ನ ತಾಯಿಯಿಂದ ಬಂದ ಹೆಪ್ಪಿನ ಕಟ್ಟಳೆಗಳನ್ನೆಲ್ಲ ಅದಕ್ಕೂ ಹಚ್ಚಿದಳು. ಪಾತ್ರೆಯನ್ನು ಬಳಿದು ಖಾಲಿ ಮಾಡಬಾರದು. ದೀಪ ಹಚ್ಚಿದ ಮೇಲೆ ಯಾರಿಗೂ ಕೊಡಬಾರದು, ಯಾರಿಂದಲೂ ತರಬಾರದು. ನಿಮ್ಮ ಹೆಪ್ಪು ಯಾವಾಗಲೂ ಇನ್ನೆರಡು ಮೂರು ಮನೆಗಳಲ್ಲಿ ಇರಬೇಕು. ನಿಮ್ಮದು ಕೆಟ್ಟ ದಿನ ಅಲ್ಲಿಂದ ನಿಮ್ಮದೇ ಮೊಸರು ತಿರುಗಿ ಬರುತ್ತದೆ. ಹೀಗಾಗಿ ಆಕೆಯ ಗುಡವಿ ಹೆಪ್ಪಿನ ಒಂದು ಬಾಟಲಿ ಎದುರುಮನೆಯ ನೀಲಾಂಬಿಕ ಅವರ ಅಡುಗೆಮನೆಯಲ್ಲಿತ್ತು. ಒಂದು ಸೊರಬ ತಾಲ್ಲೂಕಿನ ಉಳವಿಗೆ ಕೊಟ್ಟ ತಂಗಿ ಗುಡ್ಡಮ್ಮನ ಹತ್ತಿರ ಇತ್ತು. ಮೂರನೆಯದಕ್ಕೆ ನಂಬಿಕಸ್ಥರ ಮನೆಯೊಂದನ್ನು ಹುಡುಕುತ್ತಿದ್ದಾಗ ನಾನು ಕಣ್ಣಿಗೆ ಬಿದ್ದಿದ್ದೆ.

ಆ ಗುಡವಿ ಹೆಪ್ಪಿನದ್ದೇ ಒಂದು ಕಥೆ. ಪ್ರತಿವರ್ಷ ಕಾಲೇಜಿನ ಹುಡುಗರನ್ನು ಹಕ್ಕಿ ತೋರಿಸಲು ಗುಡವಿಗೆ ಕರೆದೊಯ್ಯುತ್ತಾರೆ. ಮೇಷ್ಟರೂ ಮಕ್ಕಳೂ ಕತ್ತೆತ್ತಿ ಬಾಯಿ ತೆರೆದು ಮರದ ತುದಿ ನೋಡುತ್ತಿದ್ದರೆ, ಬಸಕ್ಕ ಕೆರೆಯಂಚಿಗೆ ಕುಕ್ಕರಗಾಲಿನಲ್ಲಿ ಕೂತು ಕೆಸರುನೀರನ್ನು ಬಾಟಲಿಗೆ ತುಂಬುತ್ತಿದ್ದಳು. ಏಳೆಂಟು ವರ್ಷದ ಹಿಂದೆ ಹಾಗೆ ತಂದ ನೀರಿನಲ್ಲಿ, ಮೈಕ್ರೋಸ್ಕೋಪಿನ ಕೆಳಗೆ, ಚೆಲ್ಲಿದ ಅಂಬಲಿಯಂತೆ ಹರಿದಾಡುವ ಒಂದು ಜೀವ ಕಂಡಿತು. ಹನಿ ಆರಿಹೋಗದಿರಲಿ ಎಂದು ಆಕೆ ಸ್ವಲ್ಪ ಶುದ್ಧ ನೀರು ಬಿಟ್ಟಳು. ಬೇರೆ ಕೆಲಸ ಮುಗಿಸಿ ಬಂದು ನೋಡಿದರೆ ಅಂಬಲಿ ಇಲ್ಲ. ಬದಲಿಗೆ ಜೋಳದ ಕಾಳಿನಾಕಾರದ ಏನೋ ಒಂದು, ಎರಡು ಬಾಲ ಬೀಸಿಕೊಂಡು ಈಜುತ್ತಿದೆ.

ಆಗಿನ ಮೇಷ್ಟರಿಗೆ ಹೇಳಿದಳು. ಅವರು ಇವು ಬೇರೆ ಬೇರೆ ಜೀವಿಗಳು, ಒಂದು ಹೋಯಿತು ಇನ್ನೊಂದು ಬಂತು ಎಂದರು. ಬಾಲ ಬೆಳೆಸುವ ಅಮೀಬಾ ಸಿಲಬಸ್ಸಿನಲ್ಲಿ ಇಲ್ಲ ಎಂಬ ಬಲವಾದ ಸಾಕ್ಷ್ಯವನ್ನೂ ಕೊಟ್ಟರು. ಬಸಕ್ಕ ಮಾರನೆಯ ದಿನ ಒಂದೇ ಒಂದು ಜೀವ ಇರುವ ಹನಿಯನ್ನು ಹುಡುಕಿ, ನೀರು ಬಿಟ್ಟು, ಮಧ್ಯಾಹ್ನದ ಊಟ ಬಿಟ್ಟು, ಒಂದೂವರೆ ತಾಸು ಕಣ್ಣು ಕದಲಿಸದೆ ಕೂತಳು. ಅಂಬಲಿ ಉರುಟಾಯಿತು, ಉರುಟಾದದ್ದು ಉದ್ದವಾಯಿತು, ಒಂದು ಬಾಲ ಬಂತು, ಇನ್ನೊಂದು ಬಂತು. ಎದ್ದು ಹೋಗಿ ಬಾಟಲಿಯ ಮೇಲೆ ಚೀಟಿ ಅಂಟಿಸಿದಳು: "ಗುಡವಿ. ಎರಡು ಬಾಲ. ಎರಡೂ ಒಂದೇ."

ಆ ಚೀಟಿಯನ್ನು ಓದಿದವಳು ಒಬ್ಬಳೇ. ಆಗ ಬಿ.ಎಸ್ಸಿ. ಓದುತ್ತಿದ್ದ ಸೊರಬದ ದೀಪಶ್ರೀ. ಮುಂದೆ ಆಕೆ ಬೆಂಗಳೂರಿನಲ್ಲಿ ಸಂಶೋಧನೆಗೆ ಸೇರಿದಳು. ನಾನು ಬಾಟಲಿ ಕುಡಿದು ಮುಗಿಸಿದ ಮಳೆಗಾಲದಲ್ಲೇ ಒಂದು ಸಂಜೆ ಬಸ್ಸಿಳಿದು ಬಂದು, ಆ ಜೀವಿ ತನಗೆ ಬೇಕು, ಅದರ ಜೀನೋಮ್ ಓದಿಸಬೇಕು ಎಂದಳು. ದೀಪ ಹಚ್ಚಿ ಆಗಿತ್ತು. ಬಸಕ್ಕ ಆಕೆಗೆ ಊಟ ಹಾಕಿ, ಚಾಪೆ ಕೊಟ್ಟು, ಬೆಳಗಾದ ಮೇಲೆ ಬಾಟಲಿ ಕೊಟ್ಟಳು.

ಅವತ್ತು ಊಟಕ್ಕೆ ಕೂತಾಗ ದೀಪಶ್ರೀ ವಿಷಯ ಬಿಡಿಸಿ ಹೇಳಿದಳಂತೆ. ನಾವು, ದನ, ಭತ್ತ, ಅಣಬೆ, ಈ ಅಮೀಬಾ, ಎಲ್ಲ ಒಂದೇ ವಂಶ. ನಮ್ಮ ಜೀವಕೋಶದೊಳಗೊಂದು ಪೆಟ್ಟಿಗೆ ಇದೆ, ಅದರಲ್ಲಿ ನಾಲ್ಕೇ ಅಕ್ಷರದಲ್ಲಿ ಬರೆದ ಉದ್ದದ ಬರಹ ಇದೆ. ಅದನ್ನು ಮೊದಲಿನಿಂದ ಕೊನೆಯವರೆಗೆ ಓದುವುದೇ ಜೀನೋಮ್ ಸೀಕ್ವೆನ್ಸಿಂಗ್. ಸುಮಾರು ಇನ್ನೂರು ಕೋಟಿ ವರ್ಷದ ಹಿಂದೆ ನಮ್ಮ ವಂಶದ ಹಿರೀಕನೊಳಗೆ ಒಂದು ಬ್ಯಾಕ್ಟೀರಿಯಾ ಹೊಕ್ಕಿತು. ಜೀರ್ಣವಾಗಿ ಹೋಗುವ ಬದಲು ಅಲ್ಲೇ ಬಿಡಾರ ಹೂಡಿತು. ಇವತ್ತಿಗೂ ನಮಗೆ ಕಸುವು ಒದಗಿಸುವುದು ಅದರ ಸಂತಾನವೇ, ಮೈಟೋಕಾಂಡ್ರಿಯಾ ಎನ್ನುತ್ತಾರೆ. ಆ ಹಿರೀಕ ಹೇಗಿದ್ದ ಎಂದು ನೋಡಿದವರಿಲ್ಲ. ಆದರೆ ಬಹಳ ಹಿಂದೆಯೇ ಪಾಲಾಗಿ ಹೋದ ದಾಯಾದಿಗಳ ಬರಹವನ್ನು ನಮ್ಮ ಬರಹದ ಪಕ್ಕದಲ್ಲಿಟ್ಟು ಓದಿದರೆ, ಇಬ್ಬರಲ್ಲೂ ಇರುವುದು ಅವನ ಆಸ್ತಿ ಎಂದು ಊಹಿಸಬಹುದು. ಎರಡು ಬಾಲದ್ದು ಅಂಥ ದಾಯಾದಿ.

ಬಸಕ್ಕನ ಗಂಡ ಹುಚ್ಚರಾಯಪ್ಪ ತಟ್ಟೆಯಿಂದ ತಲೆಯೆತ್ತಿ, ಒಳಗೆ ಬಂದವನ ಸ್ವಂತ ಬರಹ ಏನಾಯಿತು ಎಂದು ಕೇಳಿದ. ಗಂಡುಮಕ್ಕಳಿಲ್ಲದ ಈ ಮನೆಗೆ ಮನೆಅಳಿಯನಾಗಿ ಬಂದು ಮೂವತ್ತೈದು ವರ್ಷ ಕಳೆದವನು ಅವನು. ಬಹಳಷ್ಟು ಮನೆಯವರ ಪೆಟ್ಟಿಗೆಗೇ ಸೇರಿಹೋಯಿತು ಎಂದಳು ದೀಪಶ್ರೀ.

"ಅಂದ್ರೆ ಪಹಣಿ ಮಾವನ ಹೆಸರಿಗೆ ಆತು ಅನ್ನು."

"ಪೂರ್ತಿ ಅಲ್ಲ. ಸ್ವಲ್ಪ ಅವನ ಹತ್ರಾನೇ ಉಳಿದಿದೆ."

"ಎಷ್ಟು ಗುಂಟೆ?"

ಅದನ್ನೇ ಲೆಕ್ಕ ಹಾಕಬೇಕು ಎಂದಳು ದೀಪಶ್ರೀ. ಹುಚ್ಚರಾಯಪ್ಪ ತೃಪ್ತಿಯಿಂದ ಮಜ್ಜಿಗೆ ಹಾಕಿಸಿಕೊಂಡ. ಇಷ್ಟು ದೊಡ್ಡ ವಿಷಯವನ್ನು ಇಷ್ಟು ಬೇಗ ಅರ್ಥ ಮಾಡಿಕೊಂಡವರನ್ನು ತಾನು ಯಾವ ಸೆಮಿನಾರಿನಲ್ಲೂ ನೋಡಿಲ್ಲ ಎಂದು ಆಕೆ ಆಮೇಲೆ ನನಗೆ ಹೇಳಿದ್ದುಂಟು. ನಾನು ಕಷ್ಟಪಟ್ಟು ಅರ್ಥ ಮಾಡಿಕೊಂಡೆ ಎಂಬುದನ್ನು ಆಕೆ ಸೌಜನ್ಯದಿಂದ ಹೇಳಲಿಲ್ಲ.

ಮೊದಲ ಓದು ಕೆಟ್ಟಿತು. ಆ ಜೀವಿ ಬ್ಯಾಕ್ಟೀರಿಯಾ ತಿಂದು ಬದುಕುತ್ತದಷ್ಟೆ? ಓದಿದ ಬರಹದಲ್ಲಿ ಅರ್ಧಕ್ಕರ್ಧ ಅದು ತಿಂದದ್ದರ ಬರಹವೇ ಸೇರಿತ್ತು. ಉಂಡವನ ಜಾತಕ ಬರೆಸಲು ಹೋದರೆ ಊಟದ ಜಾತಕ ಬಂದ ಹಾಗಾಯಿತು. ಶುದ್ಧ ಮಾಡಿ ಮತ್ತೆ ಓದಿಸೋಣ ಎನ್ನುವಷ್ಟರಲ್ಲಿ ಬೆಂಗಳೂರಿನ ಬಾಟಲಿಗಳಿಗೆ ಇನ್ನಾವುದೋ ಜೀವಿ ಸೇರಿಕೊಂಡು ಇದನ್ನು ತಿಂದು ತೇಗಿತು. ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದವು ಕರಗಿಸಿದಾಗ ಏಳಲೇ ಇಲ್ಲ. ದೀಪಶ್ರೀ ಎರಡು ಸಲ ಗುಡವಿಗೇ ಹೋಗಿ ನೀರು ತಂದು ಸೋಸಿದಳು, ಎರಡು ಬಾಲದ್ದು ಸಿಗಲಿಲ್ಲ. ನಾಲ್ಕು ವರ್ಷದ ದುಡಿಮೆ, ಫೆಲೋಶಿಪ್ಪಿಗೆ ಉಳಿದದ್ದು ಆರು ತಿಂಗಳು. ಶುದ್ಧವಾದ ಓದು ಇಲ್ಲದಿದ್ದರೆ ಥೀಸಿಸ್ಸೇ ಇಲ್ಲ. ಕಳೆದ ವರ್ಷ ಒಂದು ದಿನ ಫೋನು ಮಾಡಿ, ಬಸಕ್ಕ, ನಾಳೆ ಬರ್ತೀನಿ, ಇನ್ನೊಂದು ಬಾಟ್ಲಿ ಬೇಕು ಎಂದಳು. ಬಸಕ್ಕ ಬಾರವ್ವ ಎಂದಳು. ಅದು ಬಸಕ್ಕ ಒಂದು ಮದುವೆಗೆಂದು ಹಾಕಿದ್ದ ಮೂರು ದಿನದ ರಜೆಯ ಕೊನೆಯ ದಿನ.

ಅದೇ ಮೂರು ದಿನದಲ್ಲಿ ಟಿವಿಯವರು, ಪಕ್ಕದ ರಾಜ್ಯದಲ್ಲಿ ಮಿದುಳು ತಿನ್ನುವ ಅಮೀಬಾ ಎಂದು ಕೆಂಪಕ್ಷರದಲ್ಲಿ ಹಗಲೆಲ್ಲ ತೋರಿಸಿದರು. ಕಾಲೇಜಿನ ಪ್ರಿನ್ಸಿಪಾಲರು ಜವಾಬ್ದಾರಿಯುತ ಮನುಷ್ಯ. ತಮ್ಮ ಸಂಸ್ಥೆಯ ಕಪಾಟಿನಲ್ಲೇ ಅಮೀಬಾ ಎಂಬ ಚೀಟಿಯ ಬಾಟಲಿಗಳಿವೆ ಎಂದು ಗೊತ್ತಾದದ್ದೇ ತುರ್ತು ಸಭೆ ಕರೆದರು. ಸಭೆಯಲ್ಲಿ ಎಲ್ಲರ ಮಿದುಳೂ ಸುರಕ್ಷಿತವಾಗಿ ಉಳಿಯಬೇಕೆಂದು ಒಮ್ಮತದ ನಿರ್ಣಯವಾಯಿತು. ಬಾಟಲಿಗಳನ್ನೆಲ್ಲ ಹಿತ್ತಿಲ ಗುಂಡಿಗೆ ಸುರಿದು ಮೇಲೊಂದು ಮೂಟೆ ಬ್ಲೀಚಿಂಗ್ ಪುಡಿ ಹಾಕಿದರು. ಮುಖಕ್ಕೆ ಟವೆಲು ಕಟ್ಟಿಕೊಂಡು ಫೋಟೋ ತೆಗೆಸಿಕೊಂಡರು.

ರಜೆ ಮುಗಿದ ಮಾರನೆಯ ಬೆಳಗ್ಗೆ ಬಸಕ್ಕ ಕಪಾಟು ತೆರೆದಾಗ ಒಳಗಿದ್ದದ್ದು ಬಾಟಲಿ ಕೂತಿದ್ದ ದುಂಡು ಗುರುತುಗಳು ಮಾತ್ರ. ಆಕೆ ನೇರ ಮನೆಗೆ ಬಂದು, ಚಪ್ಪಲಿ ಬಿಡದೆ ಎದುರುಮನೆಗೆ ಹೋದಳು. ನೀಲಾಂಬಿಕ ಅವರೂ ಟಿವಿ ನೋಡಿದ್ದರು. ಬಾಟಲಿಯನ್ನು ಮೂರು ಸಲ ಬಿಸಿನೀರಲ್ಲಿ ತೊಳೆದು ಅದರಲ್ಲಿ ಶೇಂಗಾ ಚಟ್ನಿಪುಡಿ ತುಂಬಿಟ್ಟಿದ್ದರು. ತಪ್ಪಾಯಿತೆಂದು ಬಸಕ್ಕನಿಗೆ ಒಂದು ಹಿಡಿ ಚಟ್ನಿಪುಡಿಯನ್ನೂ ಕಟ್ಟಿಕೊಟ್ಟರು. ಅಷ್ಟರಲ್ಲಿ ದೀಪಶ್ರೀ ಸಣ್ಣದೊಂದು ಮೈಕ್ರೋಸ್ಕೋಪಿನ ಪೆಟ್ಟಿಗೆ ಹೊತ್ತು ಬಂದಿಳಿದಳು. ಸುದ್ದಿ ಕೇಳಿ ಜಗಲಿಯ ಮೇಲೆ ಕೂತವಳು ಏಳಲಿಲ್ಲ. ಅಳಲೂ ಇಲ್ಲ. ಪೆಟ್ಟಿಗೆಯ ಬೀಗವನ್ನು ತೆಗೆಯುತ್ತ ಹಾಕುತ್ತ ಕೂತಳು.

ನಾನು ಗೋಡೆಯ ಈಚೆ ನಿಂತಿದ್ದೆ. ಮೂರು ಮನೆಗಳಲ್ಲಿ ಒಂದರದ್ದು ಚಟ್ನಿಪುಡಿಗೆ ಹೋಗಿತ್ತು, ಒಂದರದ್ದು ನನ್ನ ಹೊಟ್ಟೆಗೆ. ಇನ್ನೊಂದರ ಹುಡುಕಾಟಕ್ಕೆ ಜೊತೆಗೆ ಹೋಗದಿರಲು ನನಗೆ ಮುಖವಿರಲಿಲ್ಲ.

ದೀಪಶ್ರೀಯನ್ನು ಮನೆಯಲ್ಲೇ ಬಿಟ್ಟು ಬಸಕ್ಕ, ನಾನು ಮಧ್ಯಾಹ್ನದ ಬಸ್ಸು ಹತ್ತಿದೆವು. ಸೊರಬದಲ್ಲಿ ಉಳವಿಯ ಬಸ್ಸಿಗೆ ಒಂದೂವರೆ ತಾಸು ಕಾದೆವು. ದಾರಿಯಲ್ಲಿ ಒಮ್ಮೆ ಬಸಕ್ಕ, ಗುಡ್ಡಮ್ಮನಿಗೆ ಚೊಕ್ಕಟ ಜಾಸ್ತಿ ಎಂದಳು. ಅದು ತಂಗಿಯ ಹೊಗಳಿಕೆಯಾಗಿರಲಿಲ್ಲ.

ಉಳವಿಯಲ್ಲಿ ಇಳಿದು ಗುಡ್ಡಮ್ಮನ ಮನೆ ಮುಟ್ಟುವಾಗ ಆಕೆ ದೇವರ ಮುಂದಿನ ದೀಪ ಹಚ್ಚಿ ಹೊರಗೆ ಬರುತ್ತಿದ್ದಳು. ಬಸಕ್ಕ ಹೊಸ್ತಿಲಲ್ಲೇ ನಿಂತು ಬಾಟಲಿ ಇದೆಯಾ ಎಂದಳು. ಕೊಟ್ಟಿಗೆ ಕಿಟಕಿಯಲ್ಲಿ ಇದೆ ಎಂದಳು ಗುಡ್ಡಮ್ಮ. ಬಸಕ್ಕ ಗೋಡೆಗೊರಗಿ ನಿಂತುಕೊಂಡಳು. ಕೊನೆಯ ಬಸ್ಸಿಗೆ ಇನ್ನೂ ಅರ್ಧ ತಾಸು ಇದೆ, ಈಗಲೇ ತಗೊಂಡು ಹೊರಡೋಣ ಎಂದೆ ನಾನು.

"ಈಗ ಹೆಂಗ್ ಕೊಡಾಕ್ ಬರುತ್ತೆ? ದೀಪ ಹಚ್ಚೀನಿ," ಎಂದಳು ಗುಡ್ಡಮ್ಮ.

ನನಗೆ ತಡೆಯಲಾಗಲಿಲ್ಲ. ಇದು ಮೊಸರಲ್ಲ, ವಿಜ್ಞಾನ, ಒಂದು ಹುಡುಗಿಯ ನಾಲ್ಕು ವರ್ಷದ ಪ್ರಶ್ನೆ ಎಂದು ಸಾಕಷ್ಟು ಗಂಭೀರವಾಗಿಯೇ ಹೇಳಿದೆ.

"ಮೊಸರಲ್ಲ ಅಂದ್ರೆ ನಮ್ಮಕ್ಕ ಹೆಪ್ಪು ಅಂತ ಯಾಕ್ರೀ ಕೊಟ್ಲು?"

ನಾನು ಬಸಕ್ಕನ ಕಡೆ ನೋಡಿದೆ. ಮೂವತ್ತೊಂದು ವರ್ಷ ಲ್ಯಾಬಿನಲ್ಲಿ ದುಡಿದವಳು ಏನಾದರೂ ಹೇಳಿಯಾಳು ಎಂದುಕೊಂಡೆ. ಬಸಕ್ಕ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕಾಲು ತೊಳೆದುಕೊಂಡಳು. ಅವತ್ತು ದೀಪಶ್ರೀಗೆ ಹಾಕಿದ ಕಟ್ಟಳೆ ಇವತ್ತು ತನಗೂ ಸರಿಯೇ ಎಂಬಂತೆ ರೊಟ್ಟಿ ತಟ್ಟಲು ಕೂತಳು. ಕೊನೆಯ ಬಸ್ಸು ನಮ್ಮನ್ನು ಬಿಟ್ಟು ಹೋದ ಸದ್ದು ಮೂವರಿಗೂ ಕೇಳಿಸಿತು.

ಬೆಳಗಾದ ಮೇಲೆ ಕೊಟ್ಟಿಗೆಗೆ ಹೋದೆವು. ಬಾಟಲಿಯ ಹೊರಗೆಲ್ಲ ಜೇಡರ ಬಲೆ, ಒಳಗೆ ನೀರು ಎರಡು ಬೆರಳಿನಷ್ಟು. ಆದರೆ ತಳದಲ್ಲಿ ಒಂದು ಅಗುಳು ಇನ್ನೂ ಬೆಳ್ಳಗಿತ್ತು. ಅಮಾವಾಸ್ಯೆ ಕಳೆದು ನಾಲ್ಕು ದಿನವಾಗಿತ್ತು. ಆರು ವರ್ಷದಲ್ಲಿ ಒಂದು ಅಮಾವಾಸ್ಯೆಯನ್ನೂ ಗುಡ್ಡಮ್ಮ ತಪ್ಪಿಸಿರಲಿಲ್ಲ. ಟಿವಿ ನೋಡಿಲ್ಲವೇ ಎಂದೆ. ನೋಡಿದೆ, ಅದಕ್ಕೂ ಇದಕ್ಕೂ ಏನು ಎಂದಳು. ಇದರೊಳಗೆ ಏನಿದೆ ಎಂದು ಅಕ್ಕನನ್ನು ಯಾವತ್ತೂ ಕೇಳಲಿಲ್ಲವೇ ಎಂದರೆ, ಹೆಪ್ಪು ಕೊಟ್ಟವರನ್ನು ಹಾಗೆಲ್ಲ ಕೇಳುತ್ತಾರೇನು ಎಂದು ನನ್ನನ್ನೇ ಕೇಳಿದಳು. ಬಸಕ್ಕ ಬಾಟಲಿ ಅಲ್ಲಾಡಿಸಿ, ಅರ್ಧವನ್ನು ತನ್ನ ಬಾಟಲಿಗೆ ಬಗ್ಗಿಸಿಕೊಂಡು, ಉಳಿದರ್ಧಕ್ಕೆ ಹೊಸ ಹುಲ್ಲುನೀರು ಹಾಕಿ ಅದೇ ಕಿಟಕಿಯಲ್ಲಿ ಇಟ್ಟಳು.

ಮನೆಯ ಜಗಲಿಯ ಮೇಲೆ ಮೈಕ್ರೋಸ್ಕೋಪು ಕೂತಿತು. ದೀಪಶ್ರೀ ಒಂದು ಹನಿ ಇಟ್ಟು ನೋಡಿದಳು. ಕಸ, ಬ್ಯಾಕ್ಟೀರಿಯಾ, ಅಲ್ಲಾಡದೆ ಬಿದ್ದ ಕೆಲವು ಬಿಲ್ಲೆಗಳು, ಅಂದರೆ ಆಹಾರ ತೀರಿದಾಗ ಚಿಪ್ಪು ಕಟ್ಟಿಕೊಂಡು ಮಲಗಿದ ಅವೇ ಜೀವಗಳು. ಬದುಕಿವೆಯೋ ಇಲ್ಲವೋ ತಿಳಿಯುವಂತಿರಲಿಲ್ಲ. ಶುದ್ಧ ನೀರು ಬಿಟ್ಟಳು. ಕಾಲು ತಾಸು ನೋಡಿದಳು, ಅರ್ಧ ತಾಸು ನೋಡಿದಳು. ಆಮೇಲೆ ಎದ್ದು ಹೋಗಿ ಬೀದಿಯ ಕಡೆ ಮುಖ ಮಾಡಿ ನಿಂತಳು. ಆ ಜಾಗದಲ್ಲಿ ಬಸಕ್ಕ ಕೂತಳು. ಹುಚ್ಚರಾಯಪ್ಪ ಊಟಕ್ಕೆ ಕರೆದರೆ ಕೈಸನ್ನೆಯಲ್ಲೇ ನೀನು ಉಣ್ಣು ಎಂದಳು. ನಾನು ಗಡಿಯಾರ ನೋಡುತ್ತಿದ್ದೆ, ಅದೊಂದೇ ಕೆಲಸ ನನ್ನ ಪಾಲಿಗೆ ಉಳಿದಿತ್ತು. ಒಂದು ತಾಸಾಯಿತು. ಒಂದೂಕಾಲಾಯಿತು. ಒಂದೂವರೆಯೂ ದಾಟಿತು.

"ತಂಗಿ, ಬಾ," ಎಂದಳು ಬಸಕ್ಕ ಕಣ್ಣು ತೆಗೆಯದೆ. "ಒಂದು ಎದ್ದೈತೆ."

ದೀಪಶ್ರೀ ಬಂದು ಬಗ್ಗಿ ನೋಡಿದಳು. ತುಂಬ ಹೊತ್ತು ನೋಡಿದಳು. ಹನಿಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಎರಡು ಬಾಲ ಬೀಸಿಕೊಂಡು ಒಂದೇ ಒಂದು ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಎರಡಾದವು. ಆಗ ಅವಳ ಕಣ್ಣಲ್ಲಿ ನೀರು ಬಂತು, ಲೆನ್ಸು ಒದ್ದೆಯಾಗುತ್ತದೆ ಎಂದು ಬಸಕ್ಕ ಆಕೆಯನ್ನು ಆಚೆ ಸರಿಸಿದಳು.

ಈ ಸಲ ಓದು ಶುದ್ಧವಾಗಿ ಬಂತು. ದೀಪಶ್ರೀಯ ಥೀಸಿಸ್ಸೂ ಸಲ್ಲಿಕೆಯಾಯಿತು, ಲೇಖನವೂ ಅಚ್ಚಾಯಿತು. ನಮ್ಮ ಹಿರೀಕ ಏನೂ ಇಲ್ಲದ ಬಡಪಾಯಿಯಾಗಿರಲಿಲ್ಲ. ಹರಿದಾಡುವುದು, ಈಜುವುದು, ಗಾಳಿ ಇದ್ದರೂ ಇಲ್ಲದಿದ್ದರೂ ಬದುಕುವುದು, ಎಲ್ಲದರ ಸಲಕರಣೆಯೂ ಅವನ ಮನೆಯಲ್ಲಿ ಆಗಲೇ ಇದ್ದಿರಬೇಕು, ನಾವು ಆಮೇಲೆ ಬಂದವರು ಗಳಿಸಿದ್ದಕ್ಕಿಂತ ಕಳೆದದ್ದೇ ಹೆಚ್ಚಿರಬಹುದು ಎಂದು ಅದರ ಸಾರಾಂಶ. ಈ ಜೀವಿಯ ಮನೆಅಳಿಯ, ಅಂದರೆ ಅದರ ಮೈಟೋಕಾಂಡ್ರಿಯಾ, ತನ್ನ ಹತ್ತಿರ ಉಳಿಸಿಕೊಂಡ ಗುಂಟೆಗಳು ನಮ್ಮವನ ಹತ್ತಿರ ಇರುವುದಕ್ಕಿಂತ ಜಾಸ್ತಿಯಂತೆ. ಅದನ್ನು ಕೇಳಿ ಹುಚ್ಚರಾಯಪ್ಪ ಎರಡು ದಿನ ಸ್ವಲ್ಪ ಎದೆಯೆತ್ತಿ ನಡೆದ. ಲೇಖನದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ಶಿಕಾರಿಪುರದ ಬಸಕ್ಕ ಮತ್ತು ಉಳವಿಯ ಗುಡ್ಡಮ್ಮ ಅವರಿಗೆ ಕೃತಜ್ಞತೆ ಎಂದಿತ್ತು.

ಕಾಲೇಜಿನಲ್ಲಿ ಬಸಕ್ಕನಿಗೆ ಸನ್ಮಾನವಾಯಿತು. ಪ್ರಿನ್ಸಿಪಾಲರು ನಲವತ್ತು ನಿಮಿಷ ಮಾತಾಡಿ, ಜೀವವೈವಿಧ್ಯದ ರಕ್ಷಣೆಯಲ್ಲಿ ತಮ್ಮ ಸಂಸ್ಥೆ ಎಂದೂ ಹಿಂದೆ ಬಿದ್ದಿಲ್ಲ ಎಂದರು. ಬ್ಲೀಚಿಂಗ್ ಪುಡಿಯ ಪ್ರಸ್ತಾಪ ಬರಲಿಲ್ಲ. ಬಸಕ್ಕನಿಗೆ ಮಾತಾಡಲು ಎರಡು ನಿಮಿಷ ಕೊಟ್ಟಿದ್ದರು, ಆಕೆ ಕಪಾಟಿಗೆ ಒಂದು ಬೀಗ ಬೇಕು ಎಂದು ಹೇಳಿ ಕೂತಳು.

ಮರುದಿನ ಸಂಜೆ ಆಕೆ ಹಿತ್ತಿಲಲ್ಲಿ ಹೊಸ ಬಾಟಲಿಗಳಿಗೆ ಹುಲ್ಲುನೀರು ತುಂಬುತ್ತಿದ್ದಳು. ಒಂದು ಉಳವಿಗೆ, ಒಂದು ಪುನಃ ನೀಲಾಂಬಿಕ ಅವರಿಗೆ. ಇನ್ನೊಂದಕ್ಕೆ ಮನೆ ಗೊತ್ತಾಗಿರಲಿಲ್ಲ. ನಾನು ಗೋಡೆಯ ಹತ್ತಿರ ಬಂದು ನಿಂತೆ. ಆ ಸಣ್ಣ ಅಕ್ಷರದ ಸಾಲು ಓದಿದಾಗಿನಿಂದ ನನ್ನೊಳಗೆ ಒಂದು ಪ್ರಶ್ನೆ ಕೊರೆಯುತ್ತಿತ್ತು. ಇನ್ನೂರು ಕೋಟಿ ವರ್ಷದ ಹಿಂದೆ ಹೊಟ್ಟೆಯೊಳಗೆ ಹೋದವನು ಅಲ್ಲೇ ಉಳಿದುಕೊಂಡನಲ್ಲ, ಹಾಗೆಯೇ ನಾನು ಕುಡಿದವುಗಳಲ್ಲೂ ಒಂದೆರಡು ನನ್ನೊಳಗೆ ಉಳಿದುಕೊಂಡಿರಬಹುದಲ್ಲ, ಆ ಲೆಕ್ಕದಲ್ಲಿ ನನ್ನದೂ ಒಂದು ಹೆಪ್ಪಿನ ಮನೆಯೇ ಆಗಲಿಲ್ಲವೇ ಬಸಕ್ಕ, ಎಂದು ಕೇಳಿಯೇಬಿಟ್ಟೆ.

ಬಸಕ್ಕ ಬಾಟಲಿಗೆ ಅಗುಳು ಹಾಕುವುದನ್ನು ನಿಲ್ಲಿಸಲಿಲ್ಲ.

"ಇಲ್ರಿ. ಆ ಖಾಲಿ ಬಾಟ್ಲಿ ಇನ್ನೂ ನಿಮ್ಮನ್ಯಾಗೇ ಐತೆ, ತೊಳೆದು ವಾಪಸ್ ಕೊಡ್ರಿ."